ಮಟ್ಟು ಉಳಿಯದ ಪದಗಳು

ಪುರಂದರದಾಸರು 1564ರಲ್ಲಿ ಕಾಲವಾದರೆಂಬುದನ್ನು ನಾವು ಬಲ್ಲೆವು. ಅವರು ತಂಬೂರಿ ಮೀಟುತ್ತ ತಮ್ಮ ಪದಗಳನ್ನು ಯಾವ ಮಟ್ಟಿನಲ್ಲಿ ಹಾಡಿದರೆಂಬುದನ್ನು ಮಾತ್ರ ಖಚಿತವಾಗಿ ಬಲ್ಲವರಿಲ್ಲ. ಓಲೆಗರಿಗಳಲ್ಲಿ ಪದದ ತಲೆಯ ಮೇಲೆ ರಾಗತಾಳಗಳ ಹೆಸರು ಕಾಣುವುದುಂಟಾದರೂ ಸ್ವರಪ್ರಸ್ತಾರವಿರುವುದು ಅಪೂರ್ವ; 1850ರಲ್ಲಿ ಹರ್ಮನ್ ಮೊಗ್ಲಿಂಗ್ ಪಾದರಿಯು ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದಾಗಲೂ ಮೊಳೆಗಳಿಗೆ ದಕ್ಕಿದ್ದು ಸಾಹಿತ್ಯವೇ ಹೊರತು ನಾದವಲ್ಲ. ಅಂಕಿತ ದಾಸರದು, ಮಟ್ಟು ಹಾಡಿದವರದು ಎಂಬ ಈ ವಿಲಕ್ಷಣ ವ್ಯವಸ್ಥೆಯಲ್ಲಿ, ದೇವರನಾಮವನ್ನು ಹಾಡುವವರೆಲ್ಲರೂ ಮರುಹಾಡುವವರೇ ಆಗಿದ್ದಾರೆ.

ಭಜನೆಯ ಮನೆಗಳಲ್ಲಿಯೂ ಹೆಂಗಸರ ಶುಕ್ರವಾರದ ಪೂಜೆಯಲ್ಲಿಯೂ ಬಾಳಿಕೊಂಡಿದ್ದ ಈ ಪದಗಳಿಗೆ ವಿದ್ವತ್ಕಚೇರಿಯಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿದವರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಅಗ್ರಗಣ್ಯರು. ಅನಂತರ ಬಂದ ಗ್ರಾಮಾಫೋನು ಇನ್ನೊಂದು ಬಗೆಯ ಕೆಲಸವನ್ನು ಮಾಡಿತು. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಆದಕಾರಣ ಚರಣಗಳು ಬಹಳವಿದ್ದಲ್ಲಿ ಕೆಲವನ್ನು ಕೈಬಿಡದೆ ಗತಿಯಿರಲಿಲ್ಲ. ಬಿ. ಎಸ್. ರಾಜ ಅಯ್ಯಂಗಾರ್ಯರು ಕಾಪಿಯಲ್ಲಿ ಹಾಡಿದ ‘ಜಗದೋದ್ಧಾರನ’ ಪ್ಲೇಟಿನ ಮೂಲಕ ಮನೆಮನೆಗೆ ಹೊಕ್ಕಿತು. ಇಂದು ಯಾರಾದರೂ ಅದನ್ನು ಬೇರೆ ರಾಗದಲ್ಲಿ ಎತ್ತಿಕೊಂಡರೆ, ದಾಸರ ಕಾಲದ ಮಟ್ಟನ್ನೇ ಕೆಡಿಸಿದರೆಂಬಂತೆ ಸಭೆಯು ಹುಬ್ಬು ಗಂಟಿಕ್ಕುವುದು! ಮರುಹಾಡು ಗೆದ್ದಿತೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ಬೇಕಿಲ್ಲ.

ಆದರೆ ಗೆದ್ದುದೆಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದದಲ್ಲಿ ಲಕ್ಷ್ಮಿಯು ಗೆಜ್ಜೆಯ ದನಿಯೊಡನೆ ಹೆಜ್ಜೆಹೆಜ್ಜೆಯಾಗಿ ನಡೆದು ಬರಬೇಕು. ಮನೆಯ ಹೆಂಗಸರು ಮಧ್ಯಮಾವತಿಯಲ್ಲಿ ಸಾವಧಾನವಾಗಿ ಹೇಳುವಾಗ ಆ ನಡಿಗೆ ತಾನಾಗಿಯೇ ಕೇಳಿಸುವುದು. ಕಚೇರಿಯ ಕೊನೆಯಲ್ಲಿ ಹೊತ್ತಾಯಿತೆಂದು ದ್ರುತದಲ್ಲಿ ತಳ್ಳಿಬಿಡುವ ವಿದ್ವಾಂಸರ ಬಾಯಿಯಲ್ಲಿ ದೇವಿಯು ಪಾಪ, ಓಡಿಯೇ ಬರಬೇಕಾಗುತ್ತದೆ. ಗದಗಿನಿಂದ ಹೊರಟು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಭೀಮಸೇನ ಜೋಶಿಯವರು ಇದೇ ಪದವನ್ನು ಹಿಂದುಸ್ತಾನಿಗೆ ತಂದರು. ರಾಗ ಬೇರೆ, ಗಾಯನಪದ್ಧತಿಯೂ ಬೇರೆ. ಆದರೂ ಕರೆಯುವ ಮಾತು ಕರೆಯಾಗಿಯೇ ಉಳಿದಿರುವುದರಿಂದ, ಕಿರಾಣಾ ಘರಾಣೆಯ ಹೆಸರನ್ನೇ ಕೇಳದ ಅಜ್ಜಿಯರೂ ಅದನ್ನು ಒಪ್ಪಿಕೊಂಡರು.

ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬುದು ಇದಕ್ಕಿಂತಲೂ ದೂರ ಹೋಯಿತು. ಬಾಲಸರಸ್ವತಿಯವರು ಯಮುನಾಕಲ್ಯಾಣಿಯಲ್ಲಿ ಅದಕ್ಕೆ ಅಭಿನಯವನ್ನು ಹಿಡಿದರು; 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಗಿಟಾರನ್ನೂ ಇಂಗ್ಲಿಷ್ ಸಾಲುಗಳನ್ನೂ ಜೊತೆಗೂಡಿಸಿದರು. ಹರಿಹರನ್ನರ ಕಂಠದಲ್ಲಿ ತಾಯಿಯ ಆತುರವು ಮಾಸಿಲ್ಲವಾದುದರಿಂದ ನನಗೆ ಗಿಟಾರಿನ ಮೇಲೆ ತಕರಾರಿಲ್ಲ. ಇಂಗ್ಲಿಷ್ ಸಾಲುಗಳಿಲ್ಲದಿದ್ದರೂ ನಡೆಯುತ್ತಿತ್ತು.