ಸೋತ ದಾವೆ, ಗೆದ್ದ ಪ್ರಶ್ನೆ: ಬೇಸ್‌ಬಾಲ್ ಮಾಲೀಕರ ಎದುರು ನಿಂತ ಕರ್ಟ್ ಫ್ಲಡ್

1969ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಕಚೇರಿಯಿಂದ ಕರ್ಟ್ ಫ್ಲಡ್ ಎಂಬ ಆಟಗಾರನಿಗೆ ಒಂದು ಫೋನ್ ಬಂತು. ಆತನನ್ನು ಫಿಲಡೆಲ್ಫಿಯಾ ಫಿಲ್ಲೀಸ್ ತಂಡಕ್ಕೆ ಕೊಟ್ಟಾಗಿತ್ತು. ಕೇಳಿರಲಿಲ್ಲ, ಹೇಳಿರಲಿಲ್ಲ. ಹನ್ನೆರಡು ವರ್ಷ ಆಡಿದ ತಂಡ, ಕಟ್ಟಿಕೊಂಡ ಬದುಕು, ಎಲ್ಲವನ್ನೂ ಬಿಟ್ಟು ಹೊರಡಬೇಕಿತ್ತು.

ಫ್ಲಡ್ ಸಾಧಾರಣ ಆಟಗಾರನಲ್ಲ. ಬ್ಯಾಟ್ ಹಿಡಿದವನ ನೇರ ಎದುರಿಗೆ, ಮೈದಾನದ ಆಚೆ ತುದಿಯಲ್ಲಿ ನಿಂತು ಚೆಂಡು ಹಿಡಿಯುವ ಸೆಂಟರ್ ಫೀಲ್ಡರ್. ಶ್ರೇಷ್ಠ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು 1963ರಿಂದ 1969ರವರೆಗೆ ಸತತ ಏಳು ವರ್ಷ ಪಡೆದವನು. 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದ ಆಧಾರಸ್ತಂಭ. ಅಂಥವನಿಗೂ ತಾನು ಎಲ್ಲಿ ಆಡಬೇಕು ಎಂದು ಹೇಳುವ ಹಕ್ಕು ಇರಲಿಲ್ಲ.

ಯಾಕೆ ಇರಲಿಲ್ಲ? ಉತ್ತರ 1879ರಲ್ಲಿದೆ. ಸಂಬಳಕ್ಕೆ ಆಡುವ ಬೇಸ್‌ಬಾಲ್ ಆಗಿನ್ನೂ ಎಳೆಯ ವ್ಯಾಪಾರ. ಒಳ್ಳೆಯ ಆಟಗಾರರು ಹೆಚ್ಚು ಹಣ ಕೊಡುವ ಕಡೆ ಹೋಗುತ್ತಿದ್ದರು. ಇದನ್ನು ತಡೆಯಲು ನ್ಯಾಷನಲ್ ಲೀಗ್‌ನ ಮಾಲೀಕರು ಗುಟ್ಟಾಗಿ ಸೇರಿ, ಪ್ರತಿ ತಂಡವೂ ಐವರು ಆಟಗಾರರನ್ನು ತನಗೆಂದು ಕಾಯ್ದಿರಿಸಬಹುದು, ಅವರನ್ನು ಬೇರೆಯವರು ಮುಟ್ಟುವಂತಿಲ್ಲ ಎಂದು ಒಪ್ಪಂದ ಮಾಡಿಕೊಂಡರು. ಬರಬರುತ್ತಾ ಇದು ಪ್ರತಿಯೊಬ್ಬ ಆಟಗಾರನ ಕರಾರಿನೊಳಗೆ ಸೇರಿತು. ಇದೇ 'ರಿಸರ್ವ್ ಷರತ್ತು'. ಆಟಗಾರ ಹೊಸ ಕರಾರಿಗೆ ಸಹಿ ಹಾಕದಿದ್ದರೆ ತಂಡವೇ ಹಳೆಯ ಕರಾರನ್ನು ಒಂದು ವರ್ಷ ಮುಂದುವರಿಸಬಹುದು ಎಂದು ಬರೆದಿತ್ತು. ಆ ವರ್ಷ ಮುಗಿದ ಮೇಲೆ? ಇನ್ನೊಂದು ವರ್ಷ, ಮತ್ತೊಂದು ವರ್ಷ ಎಂದು ಮಾಲೀಕರು ಓದಿಕೊಂಡರು. ಸಂಬಳ ಬರುವ ಜೀತ ಅದು. ಒಡೆಯ ಬಿಟ್ಟರುಂಟು, ಆಳು ಬಿಡುವಂತಿಲ್ಲ.

ನ್ಯಾಯಾಲಯವೂ ಮಾಲೀಕರ ಬೆನ್ನಿಗಿತ್ತು. ಬೇಸ್‌ಬಾಲ್ ಪಂದ್ಯ ಆಯಾ ಊರಿನಲ್ಲಿ ನಡೆಯುವ ಪ್ರದರ್ಶನ, ರಾಜ್ಯ ರಾಜ್ಯಗಳ ನಡುವಿನ ವಾಣಿಜ್ಯವಲ್ಲ, ಹಾಗಾಗಿ ಏಕಸ್ವಾಮ್ಯ ತಡೆಯುವ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ ಎಂದು 1922ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮುಂದೆ ರೇಡಿಯೊ ಬಂತು, ಟಿವಿ ಬಂತು, ಕೋಟಿಗಟ್ಟಲೆ ಹಣ ಬಂತು. 1953ರಲ್ಲಿ ಮತ್ತೆ ಪ್ರಶ್ನೆ ಎದ್ದಾಗಲೂ ಕೋರ್ಟ್ ಹಳೆಯ ಮಾತಿಗೇ ಅಂಟಿಕೊಂಡಿತು.

ಈ ಗೋಡೆಗೆ ತಲೆ ಕೊಡಲು ಹೊರಟವನು ಫ್ಲಡ್. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಹಿಂದೆ ಉಕ್ಕು ಕಾರ್ಮಿಕರ ಸಂಘದಲ್ಲಿ ದುಡಿದವರು. ದಾವೆ ಹೂಡಿದರೆ ನಿನ್ನ ಆಟ ಮುಗಿದಂತೆ, ಗೆದ್ದರೂ ಲಾಭ ನಿನಗಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬೇರೆ ಆಟಗಾರರಿಗೆ ಅನುಕೂಲವಾಗುತ್ತದೆಯೇ ಎಂಬುದಷ್ಟೇ ಫ್ಲಡ್‌ಗೆ ಬೇಕಿತ್ತು. 1969ರ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕುನ್‌ಗೆ ಪತ್ರ ಬರೆದು, ತಾನು ಕೊಂಡು ಮಾರುವ ಸ್ವತ್ತಲ್ಲ ಎಂದ. ಮುಂದಿನ ತಿಂಗಳು ದಾವೆ ಹೂಡಿದ.

ಜನರಿಗೆ ಇದು ಅರ್ಥವಾಗಲಿಲ್ಲ. ಫ್ಲಡ್‌ನ ವರ್ಷದ ಸಂಬಳ 90,000 ಡಾಲರ್. ಆಗ ಸಾಮಾನ್ಯ ಅಮೆರಿಕನ್ ಕುಟುಂಬದ ವಾರ್ಷಿಕ ಆದಾಯ 10,000 ಡಾಲರ್‌ಗೂ ಕಡಿಮೆ. ಇಷ್ಟು ಪಡೆಯುವವನಿಗೆ ಏನು ಕೊರತೆ ಎಂದು ಕೇಳಿದರು. ಸಂಬಳ ಎಷ್ಟೇ ಇದ್ದರೂ ಗುಲಾಮ ಗುಲಾಮನೇ ಎಂಬುದು ಆತನ ಉತ್ತರದ ಸಾರ. ಆ ಪದ ಬಳಸಿದ್ದು ಕಪ್ಪು ಜನಾಂಗದ ಮನುಷ್ಯ. ಹದಿಹರೆಯದಲ್ಲಿ ದಕ್ಷಿಣದ ಊರುಗಳಲ್ಲಿ ಆಡುವಾಗ ಬಿಳಿಯ ಜೊತೆಗಾರರು ಉಣ್ಣುವ ಹೋಟೆಲಿನೊಳಗೆ ಅವನಿಗೆ ಪ್ರವೇಶವಿರಲಿಲ್ಲ.

ಸಂಘ ದಾವೆಯ ಖರ್ಚು ಕೊಟ್ಟಿತು. ಬೇಸ್‌ಬಾಲ್‌ನ ಬಣ್ಣಭೇದದ ಗೋಡೆ ಮುರಿದಿದ್ದ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದರು. ಆದರೆ ಆಗ ಆಡುತ್ತಿದ್ದ ಒಬ್ಬ ಆಟಗಾರನೂ ಕೋರ್ಟಿನ ಕಡೆ ಸುಳಿಯಲಿಲ್ಲ. ಮಾಲೀಕರ ಕಣ್ಣಿಗೆ ಬೀಳುವ ಭಯ.

1972ರ ಜೂನ್ 19ರಂದು ಸುಪ್ರೀಂ ಕೋರ್ಟ್ 5-3ರಿಂದ ಫ್ಲಡ್ ವಿರುದ್ಧ ತೀರ್ಪಿತ್ತಿತು. ಒಂಬತ್ತನೆಯ ನ್ಯಾಯಮೂರ್ತಿ ಪೊವೆಲ್ ಹಿಂದೆ ಸರಿದಿದ್ದರು. ಕಾರ್ಡಿನಲ್ಸ್ ತಂಡದ ಒಡೆತನವಿದ್ದ ಬಿಯರ್ ಕಂಪನಿಯಲ್ಲಿ ಅವರ ಷೇರುಗಳಿದ್ದವು. ತೀರ್ಪು ಬರೆದ ಬ್ಲ್ಯಾಕ್‌ಮನ್, ಬೇಸ್‌ಬಾಲ್‌ಗೆ ಮಾತ್ರ ಸಿಕ್ಕಿರುವ ಈ ವಿನಾಯಿತಿ ವಿಚಿತ್ರವಾದದ್ದು ಎಂದು ಒಪ್ಪಿಕೊಂಡರು. ಆದರೂ ಅದನ್ನು ಸರಿಪಡಿಸುವ ಕೆಲಸ ಸಂಸತ್ತಿನದು ಎಂದು ಕೈತೊಳೆದುಕೊಂಡರು.

ಅಷ್ಟರಲ್ಲಿ ಫ್ಲಡ್‌ನ ಆಟ ಮುಗಿದಿತ್ತು. 1970ರಲ್ಲಿ ಇಡೀ ವರ್ಷ ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್ ಪರವಾಗಿ 13 ಪಂದ್ಯ ಆಡಿ, ಮೈ ಮನಸ್ಸು ಎರಡೂ ಒಗ್ಗದೆ ದೇಶ ಬಿಟ್ಟು ಹೋದ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಬಾರ್ ನಡೆಸಿದ. ಕುಡಿತ ಹೆಚ್ಚಿತು.

ಆದರೆ ಪ್ರಶ್ನೆ ಉಳಿದಿತ್ತು. ವಿವಾದಗಳನ್ನು ಹೊರಗಿನ ಮಧ್ಯಸ್ಥಗಾರನ ಮುಂದಿಡುವ ವ್ಯವಸ್ಥೆಯನ್ನು ಸಂಘ 1970ರಲ್ಲೇ ಮಾಲೀಕರಿಂದ ಪಡೆದುಕೊಂಡಿತ್ತು. 1975ರಲ್ಲಿ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬಿಬ್ಬರು ಹೊಸ ಕರಾರಿಗೆ ಸಹಿ ಹಾಕದೆ ಆಡಿದರು. ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಜ್ ಕೊಟ್ಟ ತೀರ್ಪು ಸರಳವಾಗಿತ್ತು: ಒಂದು ವರ್ಷ ಎಂದರೆ ಒಂದೇ ವರ್ಷ. ಸುಮಾರು ಒಂದು ಶತಮಾನದ ಬೀಗ ಹಾಗೆ ಕಳಚಿತು. ಮಾಲೀಕರು ಸೈಟ್ಜ್ ಅವರನ್ನು ಕೂಡಲೇ ಕಿತ್ತುಹಾಕಿದರು, ಕೋರ್ಟಿಗೂ ಹೋದರು, ಸೋತರು.

ಆಟಗಾರರನ್ನು ಬಿಟ್ಟರೆ ಹಣವಂತ ತಂಡವೇ ಎಲ್ಲರನ್ನೂ ಬಾಚಿಕೊಳ್ಳುತ್ತದೆ, ಆಟ ಸಾಯುತ್ತದೆ ಎಂಬುದು ಮಾಲೀಕರ ವಾದವಾಗಿತ್ತು. ಷರತ್ತು ಬಿಗಿಯಾಗಿದ್ದ 1949ರಿಂದ 1953ರವರೆಗೆ ಐದೂ ವರ್ಷ ಗೆದ್ದದ್ದು ನ್ಯೂಯಾರ್ಕ್ ಯಾಂಕೀಸ್ ಒಂದೇ ತಂಡ. ಷರತ್ತು ಸಡಿಲವಾದ ನಂತರ, 1978ರಿಂದ 1987ರವರೆಗಿನ ಹತ್ತು ವರ್ಷಗಳಲ್ಲಿ ಗೆದ್ದದ್ದು ಹತ್ತು ಬೇರೆ ಬೇರೆ ತಂಡಗಳು. ಆಟಗಾರರ ಸರಾಸರಿ ಸಂಬಳ 1976ರಲ್ಲಿ ಸುಮಾರು 51,000 ಡಾಲರ್ ಇದ್ದದ್ದು 1980ರಲ್ಲಿ 1,40,000 ದಾಟಿತು. ಆಟವೂ ಸಾಯಲಿಲ್ಲ, ಮಾಲೀಕರೂ ಬೀದಿಗೆ ಬರಲಿಲ್ಲ.

ಫ್ಲಡ್ 1997ರ ಜನವರಿ 20ರಂದು, 59ನೇ ವಯಸ್ಸಿನಲ್ಲಿ, ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡ. ಮರುವರ್ಷ ಅಮೆರಿಕದ ಸಂಸತ್ತು ಆತನ ಹೆಸರಿನಲ್ಲೇ ಕಾನೂನು ಮಾಡಿ, ಮೇಜರ್ ಲೀಗ್ ಆಟಗಾರರ ಉದ್ಯೋಗದ ವಿಷಯದಲ್ಲಿ ಆ ಹಳೆಯ ವಿನಾಯಿತಿಯನ್ನು ತೆಗೆದುಹಾಕಿತು. ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಪುಡಿಗಾಸಿಗೆ ಆಡುವ ಹುಡುಗರನ್ನು ಮಾತ್ರ ಆ ಕಾನೂನು ಹೊರಗೇ ಇಟ್ಟಿತು. ಅವರಿಗೆ ಸಂಘದ ಆಸರೆ ಸಿಕ್ಕಿದ್ದು 2022ರಲ್ಲಿ, ಫ್ಲಡ್ ಪತ್ರ ಬರೆದು ಅರ್ಧ ಶತಮಾನ ದಾಟಿದ ಮೇಲೆ.