ಎರವಲು ಕವಚ: ಬಿಎಸ್‌ಎಲ್-4 ಪ್ರಯೋಗಾಲಯಗಳಿಗೆ ಉಡುಪು ಬಂದ ಬಗೆ

ಪ್ರಾಣಾಂತಿಕವಾದ, ಬಹುಪಾಲು ಲಸಿಕೆಯಾಗಲಿ ನೆಚ್ಚಬಹುದಾದ ಔಷಧಿಯಾಗಲಿ ಇಲ್ಲದ ವೈರಾಣುಗಳನ್ನು ಅಭ್ಯಸಿಸುವ ಪ್ರಯೋಗಾಲಯಗಳು ಜೈವಿಕ ಸುರಕ್ಷತೆಯ ನಾಲ್ಕನೆಯ ಹಂತಕ್ಕೆ, ಅಂದರೆ ಬಿಎಸ್‌ಎಲ್-4 ಎಂಬ ವರ್ಗಕ್ಕೆ ಸೇರುತ್ತವೆ. ಅಲ್ಲಿನ ಸಿಬ್ಬಂದಿ ತೊಡುವ, ತಲೆಯಿಂದ ಪಾದದವರೆಗೆ ಮುಚ್ಚಿದ, ಚಾವಣಿಯಿಂದ ಇಳಿಬಿದ್ದ ಕೊಳವೆಯ ಮೂಲಕ ಗಾಳಿ ಪಡೆಯುವ ಪ್ಲಾಸ್ಟಿಕ್ ಉಡುಪು ಇಂದು ಆ ಪ್ರಯೋಗಾಲಯಗಳ ಗುರುತಾಗಿಬಿಟ್ಟಿದೆ. ಈ ಉಡುಪಿನ ಚರಿತ್ರೆಯಲ್ಲಿ ಜೀವವಿಜ್ಞಾನದ ಪಾಲು ಮಾತ್ರ ಅಚ್ಚರಿಯಾಗುವಷ್ಟು ಕಡಿಮೆ. ಅಣು ಉದ್ಯಮ, ರಾಸಾಯನಿಕ ಉದ್ಯಮ ಮತ್ತು ಬಾಹ್ಯಾಕಾಶ ಯಾನಗಳ ಆಶ್ರಯದಲ್ಲಿ ಬೆಳೆದ ಕೌಶಲವನ್ನೂ ಸಾಮಗ್ರಿಯನ್ನೂ ಪ್ರಯೋಗಾಲಯಗಳು ಎರವಲು ಪಡೆದವು. ಕೊಳ್ಳುವವರು ಬೆರಳೆಣಿಕೆಯಷ್ಟೇ ಇದ್ದುದರಿಂದ ಆ ಎರವಲು ಕಾಯಮ್ಮಾಗಿ ಉಳಿಯಿತು.

ಆರಂಭದಲ್ಲಿ ಉಡುಪಿನ ಪ್ರಶ್ನೆ ಮುಖ್ಯವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಕ್ಯಾಂಪ್ ಡೆಟ್ರಿಕ್‌ನಲ್ಲಿ ಜೈವಿಕ ಅಸ್ತ್ರಗಳ ಸಂಶೋಧನೆ ಆರಂಭವಾದಾಗ ಅಲ್ಲಿನವರು ಕಂಡುಕೊಂಡ ಉಪಾಯ ರೋಗಾಣುವನ್ನೇ ಪೆಟ್ಟಿಗೆಯಲ್ಲಿಡುವುದು. ಮುಂದೆ ಮೂರನೆಯ ವರ್ಗದ ಕ್ಯಾಬಿನೆಟ್ ಎಂದು ಹೆಸರಾದ ಈ ಪೆಟ್ಟಿಗೆ ಗಾಳಿ ಸೋರದಂತೆ ಮುಚ್ಚಿದ್ದು, ಅದರ ಗೋಡೆಗೆ ಜೋಡಿಸಿದ ದಪ್ಪ ರಬ್ಬರ್ ಕೈಗವಸುಗಳೊಳಗೆ ತೋಳು ತೂರಿಸಿ ಹೊರಗಿನಿಂದಲೇ ಕೆಲಸ ಮಾಡಬೇಕಿತ್ತು. ಡೆಟ್ರಿಕ್‌ನ ಸುರಕ್ಷತಾ ವಿಭಾಗವನ್ನು ದೀರ್ಘಕಾಲ ನಡೆಸಿದ ಆರ್ನಾಲ್ಡ್ ವೆಡಮ್ ಇಂಥ ಸಲಕರಣೆಗಳ ಸುತ್ತಲೇ ಆಧುನಿಕ ಜೈವಿಕ ಸುರಕ್ಷತೆಯ ಶಿಸ್ತನ್ನು ಕಟ್ಟಿದರು. ಪೆಟ್ಟಿಗೆ ಭದ್ರವಾಗಿದ್ದರೂ ಅದರ ಮಿತಿಗಳು ಬಲುಬೇಗ ಕಾಣಿಸಿಕೊಂಡವು: ದಪ್ಪ ಗವಸಿನೊಳಗೆ ಬೆರಳು ಸರಾಗವಾಗಿ ಆಡುವುದಿಲ್ಲ, ದೊಡ್ಡ ಯಂತ್ರಗಳು ಒಳಗೆ ಹಿಡಿಸುವುದಿಲ್ಲ, ಮಂಗಗಳಂಥ ಪ್ರಾಣಿಗಳ ಮೇಲಿನ ಪ್ರಯೋಗವಂತೂ ಹೆಣಗಾಟವೇ ಸರಿ.

ಇದಕ್ಕೆ ಪರ್ಯಾಯವೆಂದರೆ ಕೋಣೆಯನ್ನೇ ಪೆಟ್ಟಿಗೆಯಾಗಿ ಭಾವಿಸಿ ಅದರೊಳಗೆ ಹೋಗುವ ಮನುಷ್ಯನನ್ನು ಮುಚ್ಚುವುದು. ಹೊರಗಿನಿಂದ ಶುದ್ಧ ಗಾಳಿಯನ್ನು ಒತ್ತಿ ತುಂಬಿಸುವ ಉಡುಪಿನ ತತ್ತ್ವವನ್ನು ಅಣು ಉದ್ಯಮವು ವಿಕಿರಣಶೀಲ ಧೂಳಿನಿಂದ ರಕ್ಷಿಸಿಕೊಳ್ಳಲು ಬಳಕೆಗೆ ತಂದಿತ್ತು. ಉಡುಪಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುತ್ತದೆ. ಇದನ್ನೇ ಧನಾತ್ಮಕ ಒತ್ತಡ ಎನ್ನುತ್ತಾರೆ. ಎಲ್ಲಾದರೂ ಹರಿದರೆ ಗಾಳಿ ಹೊರಕ್ಕೆ ನುಗ್ಗುತ್ತದೆಯೇ ಹೊರತು ಕೋಣೆಯ ಗಾಳಿ ಒಳಬರುವುದಿಲ್ಲ. ಕೋಣೆಯಲ್ಲಿ ಇದಕ್ಕೆ ವಿರುದ್ಧವಾಗಿ ಋಣಾತ್ಮಕ ಒತ್ತಡವನ್ನು, ಅಂದರೆ ಹೊರಗಿನದಕ್ಕಿಂತ ಕಡಿಮೆ ಒತ್ತಡವನ್ನು ಕಾಯ್ದುಕೊಳ್ಳಲಾಗುತ್ತದೆ.

ಈ ಏರ್ಪಾಟು ಬೇಕೇ ಬೇಕು ಎನಿಸಿದ್ದು ಒಂದರ ಮೇಲೊಂದರಂತೆ ನಡೆದ ಘಟನೆಗಳಿಂದ. 1967ರಲ್ಲಿ ಉಗಾಂಡದಿಂದ ತರಿಸಿದ ಮಂಗಗಳ ಮೂಲಕ ಜರ್ಮನಿಯ ಮಾರ್ಬರ್ಗ್ ಹಾಗೂ ಫ್ರಾಂಕ್‌ಫರ್ಟ್ ಮತ್ತು ಯುಗೊಸ್ಲಾವಿಯದ ಬೆಲ್‌ಗ್ರೇಡ್ ನಗರಗಳ ಪ್ರಯೋಗಾಲಯಗಳಿಗೆ ಅಪರಿಚಿತ ವೈರಾಣುವೊಂದು ಹೊಕ್ಕು 31 ಜನರಿಗೆ ತಗುಲಿ 7 ಜನ ಸತ್ತರು. 1969ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಲಾಸ್ಸಾ ವೈರಾಣುವಿನ ಮೇಲೆ ಕೆಲಸ ಮಾಡುತ್ತಿದ್ದ ಜೋರ್ಡಿ ಕಸಾಲ್ಸ್ ಅದೇ ಕಾಯಿಲೆಯಿಂದ ಸಾವಿನಂಚಿಗೆ ಹೋಗಿ ಬಂದರು. 1976ರಲ್ಲಿ ಎಬೋಲಾ ಕಾಣಿಸಿಕೊಂಡ ಕೆಲವೇ ತಿಂಗಳಲ್ಲಿ ಬ್ರಿಟನ್ನಿನ ಪೋರ್ಟನ್ ಡೌನ್‌ನ ಸಂಶೋಧಕರೊಬ್ಬರಿಗೆ ಸೂಜಿ ಚುಚ್ಚಿ ಆ ಸೋಂಕು ತಗುಲಿತು, ಅವರು ಬದುಕಿದರು. ಬ್ರಿಟನ್ ಬಾಗುವ ಪ್ಲಾಸ್ಟಿಕ್ ಹಾಳೆಯ ಪ್ರತ್ಯೇಕ ಕೋಶಗಳನ್ನು ನೆಚ್ಚಿಕೊಂಡರೆ, ಅಮೆರಿಕದಲ್ಲಿ ಉಡುಪಿನ ಪ್ರಯೋಗಾಲಯಗಳು ಹರಡತೊಡಗಿದವು. 1984ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮತ್ತು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಜೊತೆಗೂಡಿ ಹೊರತಂದ ಕೈಪಿಡಿ ಸುರಕ್ಷತೆಯ ನಾಲ್ಕು ಹಂತಗಳನ್ನು ನಿರೂಪಿಸಿ, ಕೊನೆಯ ಹಂತಕ್ಕೆ ಕ್ಯಾಬಿನೆಟ್ಟನ್ನೂ ಉಡುಪನ್ನೂ ಒಪ್ಪಿಕೊಂಡಿತು.

ಆದರೆ ಆ ಉಡುಪನ್ನು ಕೊಳ್ಳುವುದು ಯಾರಿಂದ? ಅಮೆರಿಕದ ಪ್ರಯೋಗಾಲಯಗಳಲ್ಲಿ ಬಹುಕಾಲ ಆಳಿದ ನೀಲಿ ಬಣ್ಣದ ಕೆಮ್‌ಟೂರಿಯನ್ ಉಡುಪು ಡೆಲವೇರ್‌ನ ಐಎಲ್‌ಸಿ ಡೋವರ್ ಕಂಪನಿಯದು. ಚಂದ್ರನ ಮೇಲೆ ನಡೆದ ಅಪೊಲೊ ಯಾತ್ರಿಕರ ಉಡುಪುಗಳನ್ನು ತಯಾರಿಸಿದ್ದೂ ಇದೇ ಕಂಪನಿ. ಅದರ ಮೂಲಸಂಸ್ಥೆಗೆ ಹೆಸರು ತಂದುಕೊಟ್ಟದ್ದು ಪ್ಲೇಟೆಕ್ಸ್ ಎಂಬ ಹೆಂಗಸರ ಒಳಉಡುಪು, ಮತ್ತು ಚಂದ್ರಯಾತ್ರಿಕರ ಕವಚವನ್ನು ಹೊಲಿದದ್ದು ಆ ಕಸುಬಿನಲ್ಲಿ ನುರಿತ ಹೊಲಿಗೆಯ ಹೆಂಗಸರೇ. ಹೊಲಿಗೆ, ಅಂಟು ಮತ್ತು ಗಾಳಿ ಸೋರದ ಬೆಸುಗೆಯ ಮೇಲಿನ ಆ ಹಿಡಿತವನ್ನು ತಾಂತ್ರಿಕ ಚರಿತ್ರೆಗಳು ಅಪರೂಪಕ್ಕಷ್ಟೇ ನೆನೆಯುತ್ತವೆ. ಕೆಮ್‌ಟೂರಿಯನ್ ಕೂಡ ಮೊದಲು ಉದ್ದೇಶಿಸಲ್ಪಟ್ಟದ್ದು ವಿಷ ರಾಸಾಯನಿಕಗಳ ನಡುವೆ ಕೆಲಸ ಮಾಡುವವರಿಗೆ. ಅದರ ಬಟ್ಟೆಯಾದ ಕ್ಲೋರಿನೇಟೆಡ್ ಪಾಲಿಎಥಿಲೀನ್ ಹಲವು ದ್ರಾವಣಗಳನ್ನು ತಾಳಿಕೊಳ್ಳುತ್ತಿತ್ತು. ಪ್ರಯೋಗಾಲಯದಿಂದ ಹೊರಬರುವ ಮುನ್ನ ಉಡುಪಿನ ಸಮೇತ ಸೋಂಕುನಾಶಕದ ಶವರಿನಡಿ ನಿಲ್ಲಬೇಕಾದ ಸಿಬ್ಬಂದಿಗೆ ಆ ಗುಣ ತಾನಾಗಿಯೇ ಒದಗಿಬಂತು.

ಫ್ರಾನ್ಸಿನ ದಾರಿಯೂ ಇದಕ್ಕಿಂತ ಬಹಳ ಬೇರೆಯೇನಲ್ಲ. 1999ರಲ್ಲಿ ಲಿಯಾನ್ ನಗರದಲ್ಲಿ ಜಾನ್ ಮೆರಿಯೂ ಹೆಸರಿನ ಪ್ರಯೋಗಾಲಯ ತೆರೆದ ಕಾಲಕ್ಕೆ ಯುರೋಪಿನಲ್ಲಿ ಗಾಳಿಯಾಡುವ ಉಡುಪುಗಳಿಗೆ ಇದ್ದ ಮಾನದಂಡ ಇಎನ್ 1073-1, 1998ರದ್ದು. ಅದು ರೂಪಿತವಾಗಿದ್ದು ವಿಕಿರಣಶೀಲ ಕಣಗಳ ವಿರುದ್ಧ. ಸೋಂಕುಕಾರಕಗಳನ್ನು ಬಟ್ಟೆ ಎಷ್ಟು ತಡೆಯುತ್ತದೆಂದು ಅಳೆಯುವ ಇಎನ್ 14126 ಬಂದದ್ದು 2003ರಲ್ಲಿ. ಹೀಗಾಗಿ ಖರೀದಿಗೆ ಕೂತ ಅಧಿಕಾರಿಗಳು ಬೇರೆ ಬೇರೆ ಉದ್ಯಮಗಳಿಗಾಗಿ ಬರೆದ ಮಾನದಂಡಗಳನ್ನು ಒಟ್ಟುಗೂಡಿಸಿ ತಮ್ಮ ಬೇಡಿಕೆಯನ್ನು ನಿರೂಪಿಸಬೇಕಾಯಿತು.

ಇಂಥ ಖರೀದಿಯಲ್ಲಿ ಉಡುಪಿನ ಬೆಲೆಗಿಂತಲೂ ಹೊಂದಾಣಿಕೆ ದೊಡ್ಡ ಸಮಸ್ಯೆ. ಗಾಳಿಯ ಕೊಳವೆಯನ್ನು ಉಡುಪಿಗೆ ಸಿಕ್ಕಿಸುವ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ಕಟ್ಟಡ ಕಟ್ಟುವಾಗ ಒಮ್ಮೆ ಆರಿಸಿದ ಜೋಡಣೆ ಮುಂದಿನ ಹತ್ತಾರು ವರ್ಷಗಳ ಆಯ್ಕೆಗಳನ್ನು ಕಟ್ಟಿಹಾಕುತ್ತದೆ. ಶವರಿನಲ್ಲಿ ಕ್ವಾಟರ್ನರಿ ಅಮೋನಿಯಂ ಬಳಸುವ ಕಡೆ ಬಾಳುವ ಬಟ್ಟೆ ಪೆರಅಸಿಟಿಕ್ ಆಮ್ಲ ಬಳಸುವ ಕಡೆಯೂ ಅಷ್ಟೇ ಬಾಳುತ್ತದೆಂಬ ಭರವಸೆಯಿಲ್ಲ. ಕೈಗವಸುಗಳು ಉಡುಪಿಗಿಂತ ಬೇಗ ಸವೆಯುವುದರಿಂದ ಅವನ್ನು ಬಿಡಿಯಾಗಿ ಬದಲಿಸಲು ಬರಬೇಕು; ಗಾಳಿ ಉಬ್ಬಿಸಿ, ಬೆಸುಗೆಗಳ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಉಡುಪು ಮತ್ತೆ ಮತ್ತೆ ಒಳಪಡಬೇಕು. ಒಳನುಗ್ಗುವ ಗಾಳಿಯ ಸದ್ದು ಕಿವಿಗೆ ರಕ್ಷಣೆ ಬೇಡುವಷ್ಟಿರುತ್ತದೆ. ಇಷ್ಟೆಲ್ಲ ಬೇಡಿಕೆಗಳಿದ್ದರೂ ಜಗತ್ತಿನ ಇಂಥ ಪ್ರಯೋಗಾಲಯಗಳ ಒಟ್ಟು ಸಂಖ್ಯೆ ನೂರನ್ನು ಮುಟ್ಟಿಲ್ಲ. ಇಷ್ಟು ಕಿರಿದಾದ ಮಾರುಕಟ್ಟೆಗಾಗಿ ಹೊಸ ಬಟ್ಟೆ ಕಂಡುಹಿಡಿಯುವ ಉತ್ಸಾಹ ತಯಾರಕರಿಗೆ ಬರಲಿಲ್ಲವೆಂದರೆ ಅದನ್ನು ದೂರುವುದು ಕಷ್ಟ.

ಈ ಚರಿತ್ರೆಗೆ ಮಲೆನಾಡಿನ ಎಳೆಯೊಂದು ಸೇರಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರಿಗೂ ಜ್ವರ ಹರಡಿದಾಗ ಅದರ ವೈರಾಣುವನ್ನು ಬೇರ್ಪಡಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1952ರಲ್ಲಿ ಸ್ಥಾಪಿಸಿದ ಆ ಕೇಂದ್ರದ ಸಿಬ್ಬಂದಿಗೆ ಆಗ ಮೇಲೆ ಹೇಳಿದ ಉಡುಪಾಗಲಿ ಅದಕ್ಕೆ ತಕ್ಕ ಕೋಣೆಯಾಗಲಿ ಇರಲಿಲ್ಲ. ಮಂಗನ ಕಾಯಿಲೆ ಎಂದು ಹೆಸರಾದ ಆ ಜ್ವರ ಪ್ರಯೋಗಾಲಯದೊಳಗೇ ಹಲವರಿಗೆ ತಗುಲಿತು. ಅಮೆರಿಕದ ಕೈಪಿಡಿ ಈ ವೈರಾಣುವನ್ನು ನಾಲ್ಕನೆಯ ಹಂತದ ಪಟ್ಟಿಯಲ್ಲಿಟ್ಟಿದೆ. ಅದೇ ಕೇಂದ್ರದ ಉತ್ತರಾಧಿಕಾರಿಯಾದ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯು ಪುಣೆಯಲ್ಲಿ ಬಿಎಸ್‌ಎಲ್-4 ಪ್ರಯೋಗಾಲಯ ತೆರೆದದ್ದು ಕ್ಯಾಸನೂರಿನ ಮಂಗಗಳು ಸತ್ತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯ ರೋಗಿಗಳ ಮಾದರಿಗಳಲ್ಲಿ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ನಿಪಾ ಸೋಂಕನ್ನು ಪತ್ತೆಹಚ್ಚಿದಾಗ, ಅದನ್ನು ದೃಢಪಡಿಸಿದ್ದು ಪುಣೆಯ ಇದೇ ಸಂಸ್ಥೆ.