ಹರಿಹರದ ಪೋಲಾಳ್ವ: ಶಾಸನದಲ್ಲಿ ಸಿಕ್ಕಷ್ಟೇ ದಂಡನಾಯಕ

ನ್ಯಾಮತಿಯಿಂದ ಹೊನ್ನಾಳಿಗೆ ಬಂದು, ತುಂಗಭದ್ರೆ ಹರಿಯುವ ದಿಕ್ಕಿಗೇ ಹೊರಟರೆ ಹರಿಹರ ಸಿಗುತ್ತದೆ. ಅಲ್ಲಿನ ದೇವರು ನಮ್ಮ ಕಡೆಯವರಿಗೆಲ್ಲ ಗೊತ್ತು: ಬಲಭಾಗ ಶಿವ, ಎಡಭಾಗ ವಿಷ್ಣು. ಗುಡಿ ಕಟ್ಟಿಸಿದ್ದು ಯಾರು ಅಂದರೆ ಮಾತ್ರ ‘ಹೊಯ್ಸಳರು’ ಅಂತ ಮುಗಿಸಿಬಿಡ್ತೇವೆ. ಶಾಸನ ಹೇಳುವ ಹೆಸರು ಪೋಲಾಳ್ವ. ಎರಡನೆಯ ನರಸಿಂಹನ ದಂಡನಾಯಕ, ಮಂತ್ರಿ. ವರ್ಷ 1224.

ಹುಡುಕಿ ಓದುವವರಿಗೊಂದು ಮಾತು. ಹೊನ್ನಾಳಿ, ಚನ್ನಗಿರಿಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿವೆ. ಹರಿಹರದ್ದು 11ರಲ್ಲಿ, ದಾವಣಗೆರೆ ತಾಲ್ಲೂಕಿನ ಅಡಿ. ರೈಸ್ ಸಾಹೇಬರ ಕಾಲದಲ್ಲಿ ಅದು ಚಿತ್ರದುರ್ಗ ಜಿಲ್ಲೆ, ಇವು ಶಿವಮೊಗ್ಗ. 1997ರಿಂದ ಎಲ್ಲವೂ ದಾವಣಗೆರೆ ಜಿಲ್ಲೆಯೇ.

ದಂಡನಾಯಕ ಅಂದ ಕೂಡಲೇ ನಮಗೆ ಯುದ್ಧದ ಕಥೆ ಬೇಕು. ಅಂಥದ್ದೂ ಇದೆ, ಆದರೆ ಪೋಲಾಳ್ವನದಲ್ಲ. ಅದೇ ನರಸಿಂಹನ ದಂಡನಾಯಕರಾದ ಅಪ್ಪಣ್ಣ, ಸಮುದ್ರ ಗೋಪಯ್ಯ ಇಬ್ಬರೂ 1231ರಲ್ಲಿ ತಮಿಳುನಾಡಿಗೆ ದಂಡೆತ್ತಿ ಹೋದರು. ಕಾಡವರ ಕೋಪ್ಪೆರುಂಜಿಂಗ ಸೆರೆಯಲ್ಲಿಟ್ಟಿದ್ದ ಚೋಳ ದೊರೆ ಮೂರನೆಯ ರಾಜರಾಜನನ್ನು ಬಿಡಿಸಬೇಕಿತ್ತು. ತಿರುವೇಂದಿಪುರದ ತಮಿಳು ಶಾಸನ ಅವರು ಹಾಳುಗೆಡವಿದ ಊರುಗಳನ್ನು ಹೆಸರು ಹಿಡಿದೇ ಹೇಳುತ್ತದೆ. ನಡುವೆ ಚಿದಂಬರದ ದೇವರಿಗೆ ಕೈಮುಗಿದು ಮತ್ತೆ ಮುಂದಕ್ಕೆ! ಕೊನೆಗೆ ಚೋಳನಿಗೆ ಸಿಂಹಾಸನ ಮರಳಿ ಸಿಕ್ಕಿತು. 

ಚೀನಾದಲ್ಲಿ ಹಾನ್ ಅರಸರ ಸೇನಾನಿ ಲಿ ಗ್ವಾಂಗನ ಗೆಲುವಿನ ಜೊತೆ ಸೋಲನ್ನೂ, ಕೊನೆಗೆ ಅವನು ತಾನೇ ಜೀವ ತೆಗೆದುಕೊಂಡದ್ದನ್ನೂ ಇತಿಹಾಸಕಾರ ಸಿಮಾ ಚಿಯನ್ ಬರೆದಿಟ್ಟ. ನಮ್ಮ ದಂಡನಾಯಕರಿಗೆ ಅಂಥ ಬರಹಗಾರ ಸಿಗಲಿಲ್ಲ. ಶಾಸನ ಬರೆಸಿದ್ದು ದಾನ ಕೊಟ್ಟವರು ಅಥವಾ ಗೆದ್ದವರು. ಹೀಗಾಗಿ ಅಪ್ಪಣ್ಣನ ಒಂದು ದಂಡಯಾತ್ರೆ, ಪೋಲಾಳ್ವನ ಒಂದು ಗುಡಿ. ಮಿಕ್ಕ ಬದುಕು ಕತ್ತಲೆ.

ಆದರೂ ಜಾಗ ಗಮನಿಸಿ. ತುಂಗಭದ್ರೆಯ ಈ ದಂಡೆಗಾಗಿ ಹೊಯ್ಸಳರಿಗೂ ಸೇವುಣರಿಗೂ ಎಡೆಬಿಡದ ಜಗಳ. ಇಂಥ ಗಡಿಯಲ್ಲಿ ಒಬ್ಬ ಸೇನಾನಿ ಕೋಟೆಯ ಬದಲು ಶೈವರಿಗೂ ವೈಷ್ಣವರಿಗೂ ಸಲ್ಲುವ ದೇವರಿಗೆ ಗುಡಿ ಕಟ್ಟಿಸಿದ. ಅದು ಭಕ್ತಿ ಮಾತ್ರ ಅಂತ ನನಗನ್ನಿಸೋದಿಲ್ಲ. ಊರನ್ನು ತಮ್ಮ ಕಡೆ ಉಳಿಸಿಕೊಳ್ಳುವ ಜಾಣತನವೂ ಇರಬೇಕು.

ಪೋಲಾಳ್ವ ಕವಿಯೂ ಹೌದು, ‘ಹರಿಚರಿತ್ರೆ’ ಬರೆದವನು. ಕಾವ್ಯ ನಮ್ಮ ಕೈಗೆ ಬರಲಿಲ್ಲ. ಗುಡಿ ಉಳಿಯಿತು. 1268ರಲ್ಲಿ ಇನ್ನೊಬ್ಬ ದಂಡನಾಯಕ, ಸೋಮನಾಥಪುರ ಕಟ್ಟಿಸಿದ ಸೋಮನೇ, ಇಲ್ಲಿಗೂ ಬಂದು ಅದನ್ನು ಬೆಳೆಸಿದ.